ಹಣ ಪಡೆದವರೇ ಹೊಣೆ ಹೊರಲಿ

ಮಾನ್ಯರೇ,

ನಮ್ಮ ಸಹಕಾರ ಸಂಘದ ಕಂಪ್ಯೂಟರ್‌ಗಳಿಗೆ, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಮೇಲೆ ಆಗಿರುವ ಗೊಂದಲದ ಬಗ್ಗೆ ಮಂಗಳವಾರದ ಸಂಚಿಕೆಯಲ್ಲಿ ಬಂದ ವರದಿಯಲ್ಲಿ, ‘ಇದು ಸ್ವಯಂಸೇವಕರು ಬಿಡುವಿನಲ್ಲಿ ಮಾಡಿದ ಮುಕ್ತ ತಂತ್ರಾಂಶ, ತಪ್ಪಾದರೆ ಕೇಳಲು ಯಾರೂ ಇಲ್ಲ’ ಎಂದು ಆಡಳಿತದವರು ನೀಡಿರುವ ಹೇಳಿಕೆ ಓದಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಸಾಲ ಬಾಕಿಯಿಲ್ಲ ಎಂದು ಸಂಘ ಕೊಡುವ ಒಂದು ಬೇಬಾಕಿ ಪತ್ರಕ್ಕಾಗಿ ಈ ಮಳೆಯಲ್ಲಿ ನಾಲ್ಕು ಸಲ ಸಂಘಕ್ಕೆ ಅಲೆದಿದ್ದೇನೆ. ಮೊದಲ ದಿನ ಕರೆಂಟ್ ಇರಲಿಲ್ಲ, ಎರಡನೆಯ ದಿನ ಪ್ರಿಂಟರ್ ಕೆಟ್ಟಿತ್ತು. ಮೂರನೆಯ ದಿನ ಕೈಗೆ ಬಂದ ಹಾಳೆಯಲ್ಲಿ ನನ್ನ ಹೆಸರು, ತಂದೆಯ ಹೆಸರು, ಊರು ಇರಬೇಕಾದ ಕಡೆಯೆಲ್ಲ ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಚುಕ್ಕಿ, ಗೀಟುಗಳಿದ್ದ ಯಾವುದೋ ಅಕ್ಷರಗಳೂ ಕಲಸಿಕೊಂಡು ಬಿದ್ದಿದ್ದವು. ಓದಲು ಬರುತ್ತಿದ್ದುದು ಅಂಕಿಗಳು ಮಾತ್ರ. ನಾಲ್ಕನೆಯ ದಿನ, ಗೊಬ್ಬರ ಹಾಕುತ್ತಿದ್ದ ಕೆಲಸದವರನ್ನು ತೋಟದಲ್ಲೇ ಬಿಟ್ಟು ಹೋದರೆ, ‘ಲಿನಕ್ಸ್ ಬಂದ ಮೇಲೆ ಹೀಗೆಯೇ’ ಎಂಬ ಉತ್ತರ ಸಿಕ್ಕಿತು.

ತಪ್ಪು ಲಿನಕ್ಸ್‌ನದಲ್ಲ. ಸಂಘದ ಹಳೆಯ ಕಡತಗಳು ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಯುನಿಕೋಡ್ ಎಂಬ ಅಕ್ಷರ ಸಂಕೇತದಲ್ಲಲ್ಲ, ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪಾದಂಥವು. ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ, ಅದು ವಿಂಡೋಸ್ ಆಗಿರಲಿ ಬೇರೆಯದಾಗಿರಲಿ, ಹೀಗೆಯೇ ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವ ಕೆಲಸಕ್ಕೂ ಸೇರಿಸಿಯೇ ಲಿನಕ್ಸ್ ಹಾಕಿಕೊಟ್ಟ ಗುತ್ತಿಗೆದಾರರು ಹಣ ಪಡೆದಿರುವುದು ಮಹಾಸಭೆಯಲ್ಲಿ ಓದಿದ ಖರ್ಚಿನ ಪಟ್ಟಿಯಲ್ಲೇ ಇದೆ. ಬಿಲ್ ಪಾಸಾಗುವವರೆಗೆ ವ್ಯಾಪಾರ, ಕೆಟ್ಟ ಮೇಲೆ ಸಮಾಜಸೇವೆ ಎಂದರೆ ಒಪ್ಪುವುದು ಹೇಗೆ?

ಮುಕ್ತ ತಂತ್ರಾಂಶವೆಂದರೆ ಬಿಟ್ಟಿ ಕೆಲಸ ಎಂಬ ತಿಳಿವಳಿಕೆಯೇ ತಪ್ಪು. 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್‌ಮನ್ ಅವರೇ ತಮ್ಮ ತಂತ್ರಾಂಶವನ್ನು ಟೇಪ್‌ಗಳಲ್ಲಿ ಹಣಕ್ಕೆ ಮಾರಿದವರು; ಕೊಂಡವರಿಗೆ ಅದರ ಮೂಲ ಕೋಡ್ ಸಿಗಬೇಕು, ತಿದ್ದಿ ಹಂಚುವ ಹಕ್ಕಿರಬೇಕು ಎಂಬುದು ಅವರ ಪಟ್ಟು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ಹವ್ಯಾಸಕ್ಕೆಂದು ಆರಂಭಿಸಿದ ಲಿನಕ್ಸ್‌ಗೆ ಇಂದು ಕೋಡ್ ಬರೆಯುವವರಲ್ಲಿ ಹೆಚ್ಚಿನವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದಲ್ಲಿದ್ದಾರೆ. ಅದೇ ರೆಡ್ ಹ್ಯಾಟ್ ಕಂಪನಿಗೆ ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್ ಕೊಟ್ಟಿತು. ಕೋಡ್ ಎಲ್ಲರಿಗೂ ಸಿಗುತ್ತದೆ; ಅಷ್ಟು ಬೆಲೆ ಬಂದದ್ದು ಅದನ್ನು ನೋಡಿಕೊಳ್ಳುವ, ಕೆಟ್ಟರೆ ಸರಿಪಡಿಸಿಕೊಡುವ ಸೇವೆಗೆ.

ಸಂಬಳವಿಲ್ಲದೆ ದುಡಿಯುವವರೂ ಇದ್ದಾರೆ, ಅವರ ಕಷ್ಟ ಬೇರೆಯೇ. 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನಲ್ಲಿ ಕಡತಗಳ ಗಾತ್ರ ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಕಳ್ಳದಾರಿ ಇಟ್ಟಿದ್ದು ಬಯಲಾಯಿತಲ್ಲ, ಅದನ್ನು ವರ್ಷಗಟ್ಟಲೆ ಒಬ್ಬರೇ ಹಣವಿಲ್ಲದೆ ನೋಡಿಕೊಂಡು ದಣಿದಿದ್ದಾಗ, ಸಹಾಯಕ್ಕೆಂದು ಬಂದು ನಂಬಿಕೆ ಗಳಿಸಿದವರೇ ಆ ಕಳ್ಳದಾರಿ ಇಟ್ಟಿದ್ದರು. ಹಾಗೆ ಹಣವಿಲ್ಲದೆ ದುಡಿಯುವವರ ದುಡಿಮೆಯ ಮೇಲೆ ಗುತ್ತಿಗೆದಾರರು ಬಿಲ್ ಮಾಡಿಕೊಂಡು, ತಮ್ಮ ಸೋಮಾರಿತನವನ್ನೂ ಅವರ ತಲೆಗೇ ಕಟ್ಟುವುದು ಅನ್ಯಾಯ.

ಕೊಡಗಿನ ಗಡಿಯ ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ; ಶಿಕ್ಷಕರಿಗೆ ತರಬೇತಿ ಕೊಡಲು, ನಿಗಾ ಇಡಲು ಸರ್ಕಾರವೇ ಒಂದು ಸಂಸ್ಥೆ ಕಟ್ಟಿದೆ. ನಮ್ಮಲ್ಲಿ ಪಹಣಿ ತಿದ್ದುಪಡಿಗೆ ಹೋದರೆ ಸರ್ವರ್ ಡೌನ್, ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗದ ಕಡತ ಕೇಳಿದರೆ ಸ್ಕ್ಯಾನಿಂಗ್‌ಗೆ ಹೋಗಿದೆ, 2018ರ ಮಳೆಯಲ್ಲಿ ಗುಡ್ಡದ ಬರೆ ಕುಸಿದು ತೋಟ ಹೋದಾಗ ಕೊಟ್ಟ ಅರ್ಜಿಯನ್ನು ಸಾಫ್ಟ್‌ವೇರ್ ತೆಗೆದುಕೊಳ್ಳುತ್ತಿಲ್ಲ. ಯಾವತ್ತೂ ಯಂತ್ರದ್ದೇ ತಪ್ಪು, ಕುರ್ಚಿಯಲ್ಲಿ ಕೂತವರದಲ್ಲ.

ಗುತ್ತಿಗೆದಾರರಿಂದ ಹಣ ವಾಪಸ್ ಪಡೆಯಬೇಕು, ಇಲ್ಲವೇ ಅವರಿಂದಲೇ ಕಡತಗಳನ್ನು ಸರಿಮಾಡಿಸಬೇಕು. ಸಂಬಂಧಪಟ್ಟ ಮೇಲಧಿಕಾರಿಗಳು ಒಮ್ಮೆಯಾದರೂ ಇತ್ತ ಬಂದು ನೋಡಬೇಕು. ನನ್ನ ಬೇಬಾಕಿ ಪತ್ರ ಇನ್ನೂ ಬಂದಿಲ್ಲ. ಕಂಪ್ಯೂಟರ್‌ನಲ್ಲಿ ಆಗದಿದ್ದರೆ ಕೈಯಲ್ಲಿ ಬರೆದಾದರೂ ಕೊಡಲಿ.

– ಕಾಫಿ ಬೆಳೆಗಾರ, ಕೊಡಗು