ಇಸ್ತ್ರಿ ಮಾಡುತ್ತಾ ನೆನಪಾದದ್ದು

ಪುಟ್ಟಿ,

ಮೊನ್ನೆ ಫೋನಲ್ಲಿ "ದೊಡ್ಡಪ್ಪ, ಕೆಮಿಕಲ್ ಬಾಂಡಿಂಗ್ ಪೂರ್ತಿ ಬಾಯಿಪಾಠ ಆಯ್ತು" ಅಂದೆಯಲ್ಲ, ಪರಮಾಣುಗಳು ಹೇಗೆ ಕೂಡಿಕೊಳ್ಳುತ್ತವೆ ಅನ್ನುವ ಪಾಠ ಅದು, ಖುಷಿಪಡುವ ಬದಲು ನನಗೆ ದಿಗಿಲಾಯಿತು. ನಾನೂ ಹೀಗೇ ಉರು ಹೊಡೆದು ಪಿಯುಸಿಯಲ್ಲಿ ಕೆಮಿಸ್ಟ್ರಿ ಫೇಲಾದವನು. ನಿಮ್ಮಪ್ಪ ಇದನ್ನು ಹೇಳಿರುವುದಿಲ್ಲ ಬಿಡು.

ನಿನ್ನ ನೋಟ್ಸಿನಲ್ಲಿ "ಸೋಡಿಯಂಗೆ ಒಂದು ಎಲೆಕ್ಟ್ರಾನ್ ಜಾಸ್ತಿ, ಕ್ಲೋರಿನ್‌ಗೆ ಒಂದು ಕಡಿಮೆ, ಕೊಟ್ಟು ತಗೊಂಡು ಉಪ್ಪಾಯಿತು" ಅಂತಿದೆ. ಸೋಡಿಯಂ ಅಷ್ಟು ಧಾರಾಳಿ ಅಲ್ಲ ಕಣಮ್ಮ. ಅದರಿಂದ ಎಲೆಕ್ಟ್ರಾನ್ ಕೀಳಲು ಒಂದು ಮೋಲ್‌ಗೆ (ಪರಮಾಣುಗಳನ್ನು ಎಣಿಸುವ ಒಂದು ದೊಡ್ಡ ಗುಂಪು) 496 ಕಿಲೋಜೂಲ್ ಖರ್ಚು. ಕ್ಲೋರಿನ್ ಅದನ್ನು ತಗೊಂಡಾಗ ವಾಪಸ್ ಸಿಗುವುದು ಬರೀ 349. ಅಂದರೆ 147 ಲುಕ್ಸಾನು! ಬರೀ ಕೊಡು ತಗೋ ಆಗಿದ್ದರೆ ಈ ವ್ಯಾಪಾರ ಕುದುರುತ್ತಲೇ ಇರಲಿಲ್ಲ. ಲಾಭ ಬರುವುದು ಆಮೇಲೆ. ಎಲೆಕ್ಟ್ರಾನ್ ಕೊಟ್ಟು ಪ್ಲಸ್ಸು, ತಗೊಂಡು ಮೈನಸ್ಸು ಆದ ಈ ಪರಮಾಣುಗಳು, ಅಂದರೆ ಅಯಾನುಗಳು, ಒಂದರ ಸುತ್ತ ಆರರಂತೆ ಸಾಲುಗಟ್ಟಿ ಹರಳಾಗುತ್ತವಲ್ಲ, ಆಗ 787 ಕಿಲೋಜೂಲ್ ಹೊರಗೆ ಬರುತ್ತದೆ, ಹಳೇ ಸಾಲ ತೀರಿ 640 ಉಳಿಯುತ್ತದೆ. ಅದಕ್ಕೇ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಕಾಯಿಸಬೇಕು, ಒಲೆ ಮೇಲಿಟ್ಟರೆ ಸುಮ್ನೆ ಚಟಪಟ ಅನ್ನುತ್ತದೆ ಅಷ್ಟೇ.

ಹೊರಸುತ್ತಿನಲ್ಲಿ 8 ಎಲೆಕ್ಟ್ರಾನ್ ಇದ್ದರೆ ಪರಮಾಣು ನೆಮ್ಮದಿ ಅನ್ನುವ ನಿಯಮ ಬೇಡ ಅಂತಲ್ಲ, ಲೆಕ್ಕಕ್ಕೆ ಅನುಕೂಲ. ಆದರೆ ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ ಸುತ್ತ 6 ಇಟ್ಟುಕೊಂಡೇ ನಿಂತಿದೆ. ಆದ್ದರಿಂದ ಯಾರಿಗೆ ಎಷ್ಟು ಬೇಕು ಅಂತ ಕೇಳುವುದಕ್ಕಿಂತ ಮೊದಲು, ಸೇರಿದರೆ ಒಟ್ಟು ಶಕ್ತಿ ಇಳಿಯುತ್ತದಾ ಅಂತ ಕೇಳು.

ಇನ್ನೊಂದು, ಬಂಧ ಮುರಿದರೆ ಶಕ್ತಿ ಬರುತ್ತೆ ಅಂತ ಬರೆದಿದ್ದೀಯ. ತಪ್ಪು! ಮುರಿಯಲು ಖರ್ಚು, ಕಟ್ಟಿದಾಗ ಬರುವಳಿ. ಗ್ಯಾಸ್ ಉರಿಯುವಾಗ ಬಿಸಿ ಬರುವುದು ಹೊಸದಾಗಿ ನೀರು, ಕಾರ್ಬನ್ ಡೈಆಕ್ಸೈಡು ಕಟ್ಟಿಕೊಳ್ಳುವುದರಿಂದ.

ನಾನು 20 ವರ್ಷ ಇಲ್ಲಿ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದೆ, ಕಾಟನ್ ಅಂಗಿ ಯಾಕೆ ಮುದುರುತ್ತದೆ ಅಂತ ಒಂದು ದಿನವೂ ಯೋಚಿಸಲಿಲ್ಲ ನೋಡು. ಹತ್ತಿ ಅಂದರೆ ಸೆಲ್ಯುಲೋಸಿನ ಉದ್ದುದ್ದ ಸರಪಳಿ. ಸರಪಳಿ ಸರಪಳಿ ನಡುವೆ ಹೈಡ್ರೋಜನ್ ಬಂಧ, ಅಂದರೆ ಹೈಡ್ರೋಜನ್ ಮೂಲಕ ಆಗುವ ಸಡಿಲ ಸೆಳೆತ, ಸುಮಾರು 20 ಕಿಲೋಜೂಲಿನ ಬಡಪಾಯಿ. ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಅದು ಬಿಟ್ಟುಕೊಂಡು, ಒಣಗುವಾಗ ನೇರವಾಗಿ ಮತ್ತೆ ಕೂರುತ್ತದೆ. ಸರಪಳಿ ಒಳಗಿನ ಕಾರ್ಬನ್‌-ಆಕ್ಸಿಜನ್ ಕೋವೇಲೆಂಟ್ ಬಂಧಕ್ಕೆ, ಅಂದರೆ ಎಲೆಕ್ಟ್ರಾನ್ ಹಂಚಿಕೊಂಡು ಬಿದ್ದ ಗಂಟಿಗೆ, 350ರ ಆಸುಪಾಸು ಬೇಕು, ಅದು ಅಲುಗುವುದಿಲ್ಲ. ಅಂಗಿ ಅಂಗಿಯಾಗಿಯೇ ಉಳಿಯುತ್ತದೆ.

ಇವತ್ತು ರಾತ್ರಿ ಪುಸ್ತಕ ಮುಚ್ಚಿಟ್ಟು ಮ್ಯಾಗ್ನೀಷಿಯಂ ಆಕ್ಸೈಡಿನ ಜಮಾ ಖರ್ಚು ನೀನೇ ಹಾಕಿ, ವಾಟ್ಸಾಪಲ್ಲಿ ಫೋಟೋ ಕಳಿಸು. ಆಕ್ಸಿಜನ್‌ಗೆ ಎರಡನೇ ಎಲೆಕ್ಟ್ರಾನ್ ತುರುಕಲೂ ಖರ್ಚಿದೆ, ಅಲ್ಲಿ ಎಡವಬೇಡ.

ನಿನ್ನ ದೊಡ್ಡಪ್ಪ,
ದಾವಣಗೆರೆ