ತಲೆ ಎಣಿಸುವ ಜಾಗ ಯಾವುದು?

ಮಾನ್ಯರೇ,

ಪಿಯುಸಿ ಓದುತ್ತಿರುವ ಮಗಳು ಮೊನ್ನೆ ರಾಜ್ಯಶಾಸ್ತ್ರದ ನೋಟ್‌ಬುಕ್ ಹಿಡಿದು ಬಂದಳು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಚೌಕ ಬರೆದು, ನಡುವೆ ಸ್ಕೇಲ್ ಇಟ್ಟು ದಪ್ಪ ಗೆರೆ ಎಳೆದಿದ್ದಳು. "ಅಪ್ಪಾ, ಮಂತ್ರಿಗಳೂ ಎಮ್ಮೆಲ್ಲೆನೇ ಅಲ್ಲೇನು? ಮತ್ತ ಈ ಗೆರಿ ಯಾಕ?" ಎಂದಳು.

ಹುಡುಗಿ ಕೇಳಿದ್ದು ಸರಿಯೇ. ಆ ಗೆರೆ ನಮ್ಮಲ್ಲಿ ಅಷ್ಟು ದಪ್ಪ ಇಲ್ಲ. ಮಂತ್ರಿಯಾದವರು ಆರು ತಿಂಗಳೊಳಗೆ ವಿಧಾನಸಭೆಗೋ ಪರಿಷತ್ತಿಗೋ ಆರಿಸಿ ಬರಬೇಕು, ಇಲ್ಲದಿದ್ದರೆ ಕುರ್ಚಿ ಬಿಡಬೇಕು. ಅಮೆರಿಕದಲ್ಲಿ ಇದು ಉಲ್ಟಾ, ಮಂತ್ರಿಯಾದವರು ಸದನದ ಸದಸ್ಯರಾಗಿರುವಂತಿಲ್ಲ. ನಮ್ಮ ಸರ್ಕಾರ ಸದನದೊಳಗೇ ಕೂತು ಸದನಕ್ಕೇ ಉತ್ತರ ಕೊಡುತ್ತದೆ. ವಿಧಾನಸಭೆ ಬೇಡ ಎಂದರೆ ಮನೆಗೆ ಹೋಗಬೇಕು. ಆದರೆ ಬೇಡ ಎಂದಿದೆಯೋ ಇಲ್ಲವೋ ಎಂದು ತಲೆ ಎಣಿಸುವುದು ಎಲ್ಲಿ?

ಇದಕ್ಕೆ ಉತ್ತರ ತಂದುಕೊಟ್ಟವರು ಹುಬ್ಬಳ್ಳಿಯ ವಕೀಲರು, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಎಸ್. ಆರ್. ಬೊಮ್ಮಾಯಿ. 1989ರ ಏಪ್ರಿಲ್‌ನಲ್ಲಿ ಅವರು ಮುಖ್ಯಮಂತ್ರಿ, ನಾನಿನ್ನೂ ಹೈಸ್ಕೂಲ್ ಹುಡುಗ. 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂಬ ಪತ್ರಗಳನ್ನು ನೋಡಿ ರಾಜ್ಯಪಾಲರು ದಿಲ್ಲಿಗೆ ವರದಿ ಕಳಿಸಿದರು. ಮರುದಿನವೇ ಅವರಲ್ಲಿ ಕೆಲವರು ಮಾತು ಬದಲಿಸಿದರು. ಏಪ್ರಿಲ್ 27ಕ್ಕೆ ಅಧಿವೇಶನ ಇತ್ತು, ಬೇಕಿದ್ದರೆ ಇನ್ನೂ ಬೇಗ ಕರೆದು ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಹೇಳಿದರು. ಯಾರೂ ಕೇಳಲಿಲ್ಲ. 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ದುರ್ಗದ ಬೈಲಿನ ಚಹಾದಂಗಡಿಯಲ್ಲಿ ಅಪ್ಪನ ಜೊತೆ ನಿಂತಿದ್ದೆ. ಚಹಾ ಸೋಸುತ್ತಿದ್ದವರು ತಲೆ ಎತ್ತದೆ "ಎಣಿಸದ ಸೋತಾರಂತ ಹ್ಯಾಂಗ ಹೇಳ್ತಾರ್ರೀ?" ಎಂದಿದ್ದು ಇನ್ನೂ ನೆನಪಿದೆ.

ಇದನ್ನು ಪ್ರಶ್ನಿಸಿ ಬೊಮ್ಮಾಯಿ ಹಾಕಿದ ಅರ್ಜಿಯನ್ನು ಹೈಕೋರ್ಟ್ ವಜಾ ಮಾಡಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಪರೀಕ್ಷೆ ಆಗಬೇಕಾದದ್ದು ಸದನದಲ್ಲಿ, ರಾಜಭವನದ ಕೋಣೆಯಲ್ಲಲ್ಲ. ಸಂಸತ್ತು ಒಪ್ಪುವ ಮೊದಲು ವಿಧಾನಸಭೆ ವಿಸರ್ಜಿಸುವಂತಿಲ್ಲ. ರಾಷ್ಟ್ರಪತಿಗಳ ಆದೇಶವನ್ನೂ ಕೋರ್ಟ್ ಪರಿಶೀಲಿಸಬಹುದು. ಗಮನಿಸಿ, ಕೋರ್ಟ್ ತಾನೇ ತಲೆ ಎಣಿಸುತ್ತೇನೆ ಎನ್ನಲಿಲ್ಲ, ಎಣಿಸುವ ಕೆಲಸವನ್ನು ಸದನಕ್ಕೇ ವಾಪಸ್ ಕೊಟ್ಟಿತು. ಎಲ್ಲವನ್ನೂ ಕೋರ್ಟೇ ನೋಡಿಕೊಳ್ಳಲಿ ಎನ್ನುವ ನಮ್ಮ ಕಟ್ಟೆಯ ಪಂಡಿತರು ಇದನ್ನೇ ಮರೆಯುತ್ತಾರೆ.

ಆದರೆ ತೀರ್ಪಿಗೆ ಐದು ವರ್ಷ ಹಿಡಿಯಿತು! ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಬೊಮ್ಮಾಯಿ ಅವರಿಗೆ ಅದರಿಂದ ಏನೂ ಸಿಗಲಿಲ್ಲ. ಲಾಭ ಆಗಿದ್ದು ಮುಂದಿನವರಿಗೆ. 2018ರಲ್ಲಿ ಬಹುಮತ ತೋರಿಸಲು ರಾಜ್ಯಪಾಲರು ಯಡಿಯೂರಪ್ಪ ಅವರಿಗೆ 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಮೇ 18ರಂದು, ನಾಳೆ ಸಂಜೆ ನಾಲ್ಕಕ್ಕೇ ಸದನದಲ್ಲಿ ಆಗಲಿ ಎಂದಿತು. ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು.

ನಮ್ಮ ಕಾಲೇಜುಗಳಲ್ಲಿ ಈ ಪ್ರಕರಣವನ್ನು ಎರಡು ಅಂಕದ ಪ್ರಶ್ನೆ ಮಾಡಿ ಬಾಯಿಪಾಠ ಮಾಡಿಸಬೇಡಿ, ಊರಿನ ಕಥೆಯಾಗಿ ಹೇಳಿ ಎಂದು ಉಪನ್ಯಾಸಕರಲ್ಲಿ ವಿನಂತಿ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವಾಗ ಸುವರ್ಣ ವಿಧಾನಸೌಧಕ್ಕೆ ಬಸ್ಸಿನಲ್ಲಿ ಎರಡು ತಾಸು. ವರ್ಷಕ್ಕೊಂದು ಟ್ರಿಪ್ ಹೇಗೂ ಮಾಡುತ್ತೀರಿ, ಒಂದು ಸಲ ವಾಟರ್ ಪಾರ್ಕ್ ಬಿಟ್ಟು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬಸ್ ಚಾರ್ಜ್ ಕೊಡಲು ನಾವು ಪಾಲಕರು ತಯಾರಿದ್ದೇವೆ.

– ಒಬ್ಬ ಪಾಲಕ, ವಿದ್ಯಾನಗರ, ಹುಬ್ಬಳ್ಳಿ