ಲಂಡನ್ನಿನಲ್ಲಿ ನಮ್ಮ ಕೈಗೆಟುಕುವ ಬಡಾವಣೆ: ಅಪ್ಪಾಜಿಗೆ ಬರೆದ ಪತ್ರ

ಪ್ಲಮ್‌ಸ್ಟೆಡ್, ಲಂಡನ್
12 ಅಕ್ಟೋಬರ್ 2025

ಪೂಜ್ಯ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವು ಮೂವರೂ ಕ್ಷೇಮ. ಅಲ್ಲಿ ನಿಮ್ಮ ಮತ್ತು ಅಮ್ಮನ ಕ್ಷೇಮಸಮಾಚಾರ ತಿಳಿಸುತ್ತಿರಿ. ಉಭಯಕುಶಲೋಪರಿ, ಹೋದ ವಾರ ಫೋನಿನಲ್ಲಿ ನೀವು ಎರಡು ಪ್ರಶ್ನೆ ಕೇಳಿದಿರಿ. ಊರೊಳಗಿನ ಮನೆ ಬಿಟ್ಟು ಇಷ್ಟು ದೂರ ಏಕೆ ಬಂದಿರಿ ಎಂಬುದು ಮೊದಲನೆಯದು. ಜನವರಿಯಲ್ಲಿ ಇಲ್ಲಿಗೆ ಕೆಲಸಕ್ಕೆ ಬರಲಿರುವ ಚಿಕ್ಕಪ್ಪನ ಮಗ ಯಾವ ಕಡೆ ಮನೆ ನೋಡಬೇಕು ಎಂಬುದು ಎರಡನೆಯದು. ಮಗುವನ್ನು ಶಾಲೆಯಿಂದ ಕರೆತರುವ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರಿಸಲಾಗಲಿಲ್ಲ. ಚಿಕ್ಕಪ್ಪನವರೂ ಓದಿಕೊಳ್ಳಲಿ ಎಂದು ಎಲ್ಲವನ್ನೂ ಈ ಪತ್ರದಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಮನೆ ಅಗ್ಗವೋ ದುಬಾರಿಯೋ ಎಂಬುದನ್ನು ಬಾಡಿಗೆಯೊಂದರಿಂದ ತೀರ್ಮಾನಿಸಲು ಬರುವುದಿಲ್ಲ. ಬಾಡಿಗೆ, ರೈಲು-ಬಸ್ಸಿನ ದರ, ಕೌನ್ಸಿಲ್ ತೆರಿಗೆ (ಕೌನ್ಸಿಲ್ ಎಂದರೆ ಇಲ್ಲಿನ ಸ್ಥಳೀಯ ಆಡಳಿತ, ನಮ್ಮ ನಗರಸಭೆಯಂತೆ), ಚಳಿಗಾಲದ ಗ್ಯಾಸ್ ಮತ್ತು ವಿದ್ಯುತ್ತು, ನೀರು, ಇವೆಲ್ಲವನ್ನೂ ಕೂಡಿಸಿ, ಅದರ ಮೇಲೆ ದಿನಕ್ಕೆ ಎಷ್ಟು ಹೊತ್ತು ದಾರಿಯಲ್ಲಿ ಕಳೆಯುತ್ತೇವೆ ಎಂಬುದನ್ನೂ ನೋಡಿದ ಮೇಲೆಯೇ ಒಂದು ಬಡಾವಣೆ ನಮ್ಮ ಸಂಬಳಕ್ಕೆ ಹೊಂದುತ್ತದೆಯೇ ಎಂದು ತಿಳಿಯುವುದು. ಈ ಲೆಕ್ಕವನ್ನು ನಾವಿಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ಬಡಾವಣೆಗೊಂದು ಪುಟದಂತೆ ಬರೆದುಕೊಂಡು ಹೋದೆವು. ಕೊನೆಗೆ ಕಡಿಮೆ ಬಾಡಿಗೆಯ ಮನೆಗಳಲ್ಲಿ ಕೆಲವು ಕೆಳಗೆ ಬಿದ್ದವು, ನಾವು ಹೆಸರೇ ಕೇಳಿರದ ಪ್ಲಮ್‌ಸ್ಟೆಡ್ ಮೇಲೆ ಬಂತು.

ಲಂಡನ್ನಿನ ರೈಲು ವ್ಯವಸ್ಥೆ ಊರನ್ನು ನಡುವಿನಿಂದ ಹೊರಕ್ಕೆ ವಲಯಗಳಾಗಿ ವಿಂಗಡಿಸಿದೆ. ನಟ್ಟನಡುವೆ ಒಂದನೆಯ ವಲಯ, ಊರಿನ ಅಂಚಿನಲ್ಲಿ ಆರನೆಯದು, ಅದರಾಚೆಗೂ ಕೆಲವಿವೆ. ಹೊರಗೆ ಹೋದಂತೆ ಬಾಡಿಗೆ ಇಳಿಯುತ್ತದೆ, ರೈಲಿನ ದರ ಏರುತ್ತದೆ. ಆದರೆ ಇದರಲ್ಲಿ ಹೊಸಬರು ಗಮನಿಸದ ಒಂದು ಸೂಕ್ಷ್ಮವಿದೆ: ನಾಲ್ಕನೆಯ ವಲಯದಿಂದ ಎರಡನೆಯ ವಲಯಕ್ಕೆ, ಒಂದನೆಯದನ್ನು ಮುಟ್ಟದೆ ಹೋಗಿಬರುವವರಿಗೆ ದರ ಬಹಳ ಕಡಿಮೆ. ನಿಮ್ಮ ಅಳಿಯಂದಿರ ಕಚೇರಿ ಕೆನರಿ ವಾರ್ಫ್‌ನಲ್ಲಿ, ನನ್ನ ಪ್ರಯೋಗಾಲಯ ವೈಟ್‌ಚಾಪೆಲ್‌ನಲ್ಲಿ. ಎರಡೂ ಎರಡನೆಯ ವಲಯ, ಎರಡೂ ಎಲಿಜಬೆತ್ ಎಂಬ ಹೊಸ ರೈಲು ಮಾರ್ಗದ ಮೇಲೆ. ಆ ಮಾರ್ಗ 24 ಮೇ 2022ರಂದು ಆರಂಭವಾಯಿತು. ಅದರ ಆಗ್ನೇಯ ಕೊನೆಯ ನಿಲ್ದಾಣ ನಮ್ಮ ಪ್ಲಮ್‌ಸ್ಟೆಡ್‌ನ ಪಕ್ಕದ, ನಾಲ್ಕನೆಯ ವಲಯದ ಆ್ಯಬಿ ವುಡ್. ಅಲ್ಲಿಂದ ಕೆನರಿ ವಾರ್ಫ್‌ಗೆ ಹನ್ನೊಂದು ನಿಮಿಷ, ವೈಟ್‌ಚಾಪೆಲ್‌ಗೆ ಹೆಚ್ಚುಕಡಿಮೆ ಕಾಲು ಗಂಟೆ. ರೈಲು ಹೊರಡುವುದೇ ಅಲ್ಲಿಂದಾದ್ದರಿಂದ ಬೆಳಿಗ್ಗೆ ಕೂರಲು ಜಾಗವೂ ಸಿಗುತ್ತದೆ. ದೂರ ಎಂದು ನೀವು ನಕಾಶೆ ನೋಡಿ ಹೇಳಿದಿರಿ. ಗಡಿಯಾರ ನೋಡಿದರೆ ನಾವು ಮೊದಲಿಗಿಂತ ಹತ್ತಿರ ಬಂದಿದ್ದೇವೆ.

ಹಾಗೆಂದು ನಿಲ್ದಾಣದ ಪಕ್ಕದಲ್ಲೇ ಮನೆ ಮಾಡಲಿಲ್ಲ. ಹೊಸ ರೈಲು ಬಂದ ಮೇಲೆ ಅದರ ಎದುರಿನ ಬೀದಿಗಳ ಬಾಡಿಗೆಗೆ ರೈಲಿನ ಬೆಲೆಯೂ ಸೇರಿಕೊಂಡಿದೆ. ಆದ್ದರಿಂದ ನಾವು ಒಂದು ಬಸ್ಸಿನ ದೂರ ಹಿಂದೆ ಸರಿದೆವು. ಇಲ್ಲಿನ ಬಸ್ಸಿಗೆ ವಲಯದ ಲೆಕ್ಕವಿಲ್ಲ. ಎಲ್ಲಿಂದ ಎಲ್ಲಿಗೆ ಹೋದರೂ ಒಂದೇ ದರ, ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ಹಣ ಕೊಡಬೇಕಿಲ್ಲ. ರೈಲಿನಿಂದ ಹಿಂದೆ ಸರಿದಷ್ಟೂ ಬಾಡಿಗೆ ಇಳಿಯುತ್ತದೆ ಎಂಬುದಕ್ಕೆ ಪಕ್ಕದ ಥೇಮ್ಸ್‌ಮೀಡ್ ಒಳ್ಳೆಯ ಉದಾಹರಣೆ. 1960ರ ದಶಕದ ಕೊನೆಯಲ್ಲಿ ನದಿಯಂಚಿನ ಜೌಗು ನೆಲದಲ್ಲಿ ಸರ್ಕಾರವೇ ಕಟ್ಟಿದ ಆ ಬಡಾವಣೆಗೆ ಇಂದಿಗೂ ತನ್ನದೇ ರೈಲು ನಿಲ್ದಾಣವಿಲ್ಲ. ಅಲ್ಲಿನ ಮನೆಗಳು ಸುತ್ತಮುತ್ತಲಿಗಿಂತ ಅಗ್ಗವಾಗಿರಲು ಅದೂ ಒಂದು ಕಾರಣ. ಚಿಕ್ಕಪ್ಪನ ಮಗನಿಗೆ ನಾನು ಹೇಳುವುದೂ ಇದನ್ನೇ: ಒಳ್ಳೆಯ ರೈಲು ಮಾರ್ಗವನ್ನು ಮೊದಲು ಆರಿಸಿ, ಆಮೇಲೆ ಅದರಿಂದ ಒಂದು ಬಸ್ಸಿನಷ್ಟು ಒಳಗಿರುವ ಬೀದಿಗಳಲ್ಲಿ ಹುಡುಕಬೇಕು.

ಕೌನ್ಸಿಲ್ ತೆರಿಗೆ ಎಂಬುದು ನಮ್ಮ ಕಂದಾಯದಂತೆ ಮನೆಯ ಮಾಲೀಕರ ತಲೆಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಬಾಡಿಗೆದಾರರೇ ಕಟ್ಟಬೇಕು. ಪ್ರತಿ ಮನೆಯನ್ನೂ 1 ಏಪ್ರಿಲ್ 1991ರಂದು ಅದಕ್ಕಿದ್ದ ಬೆಲೆಯ ಮೇಲೆ ಎ ಯಿಂದ ಎಚ್ ವರೆಗಿನ ಒಂದು ದರ್ಜೆಗೆ ಸೇರಿಸಿದ್ದಾರೆ, ದರವನ್ನು ಆಯಾ ಸ್ಥಳೀಯ ಕೌನ್ಸಿಲ್ ನಿಗದಿ ಮಾಡುತ್ತದೆ. ಆ್ಯಬಿ ವುಡ್ ನಿಲ್ದಾಣವು ಗ್ರಿನಿಚ್ ಮತ್ತು ಬೆಕ್ಸ್ಲಿ ಎಂಬ ಎರಡು ಕೌನ್ಸಿಲ್‌ಗಳ ಗಡಿಯ ಮೇಲಿದೆ, ಹೀಗಾಗಿ ಒಂದೇ ದರ್ಜೆಯ ಮನೆಗೂ ಗಡಿಯ ಈಚೆ ಒಂದು ತೆರಿಗೆ, ಆಚೆ ಇನ್ನೊಂದು. ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ಶೇ. 25ರಷ್ಟು ರಿಯಾಯಿತಿ ಉಂಟು. ಬಾಡಿಗೆಯ ಜಾಹೀರಾತಿನಲ್ಲಿ ಇದನ್ನು ಎದ್ದು ಕಾಣುವಂತೆ ಯಾರೂ ಬರೆಯುವುದಿಲ್ಲ, ನಾವೇ ವಿಳಾಸ ಹಿಡಿದು ನೋಡಿಕೊಳ್ಳಬೇಕು.

ಇನ್ನು ಮನೆಯನ್ನು ಕಣ್ಣಾರೆ ನೋಡುವ ವಿಷಯ. ಮಂಡ್ಯದಿಂದ ಮೈಸೂರಿಗೆ ನಿಮಗೆ ವರ್ಗವಾದಾಗ, ಕಾವೇರಿ ನೀರು ಬರುತ್ತದೆಯೋ ಬೋರ್ ನೀರೋ, ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಎಂದು ನೀವು ಮಾಲೀಕರನ್ನು ಬಿಟ್ಟು ಬೀದಿಯ ಕೊನೆಯ ಅಂಗಡಿಯವರನ್ನು ವಿಚಾರಿಸುತ್ತಿದ್ದುದು ನನಗೆ ನೆನಪಿದೆ. ಇಲ್ಲಿ ನೀರಿನ ಚಿಂತೆಯಿಲ್ಲ, ಗೋಡೆಯ ತೇವದ ಚಿಂತೆ. ಪ್ಲಮ್‌ಸ್ಟೆಡ್‌ನಲ್ಲಿ ನೂರು ವರ್ಷಕ್ಕೂ ಹಳೆಯದಾದ, ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಇಟ್ಟಿಗೆ ಮನೆಗಳ ಸಾಲುಗಳಿವೆ. ಅಂಥದೊಂದು ಮನೆ ನಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಕಡಿಮೆ ಬಾಡಿಗೆಯದಾಗಿತ್ತು. ತೋರಿಸಲು ಬಂದ ಏಜೆಂಟ್ ಹಿಂದಿನ ಕೋಣೆಯನ್ನು ಬಾಗಿಲಲ್ಲೇ ನಿಂತು ತೋರಿಸಿದರು. ಒಂದು ಮೂಲೆಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿತ್ತು, ಅದೇ ಮೂಲೆಗೆ ಬಟ್ಟೆಯ ಬೀರುವನ್ನು ಒತ್ತಿ ನಿಲ್ಲಿಸಿದ್ದರು. ಬೀರುವಿನ ಹಿಂದೆ ಕೈ ತೂರಿಸಿ ಗೋಡೆಯ ಮೇಲೆ ಅಂಗೈ ಇಟ್ಟೆ. ಒದ್ದೆಯಿತ್ತು. ಕಿಟಕಿಯ ಚೌಕಟ್ಟಿನ ಕೆಳಗೆ ಬೆರಳಾಡಿಸಿದಾಗ ಬೂಷ್ಟಿನ ಕಪ್ಪು ಪುಡಿ ಉಗುರಿಗೆ ಹತ್ತಿತು. ಅಂಥ ಮನೆಯಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಹೀಟರ್ ಎಷ್ಟು ಉರಿಸಿದರೂ ಬೆಚ್ಚಗಾಗುವುದಿಲ್ಲ, ಬಾಡಿಗೆಯಲ್ಲಿ ಉಳಿಸಿದ್ದು ಗ್ಯಾಸಿನ ಬಿಲ್ಲಿಗೆ ಹೋಗುತ್ತದೆ. ಮಕ್ಕಳ ಕೆಮ್ಮಿನ ಸಂಕಟ ಬೇರೆ. ಪ್ರತಿ ಬಾಡಿಗೆ ಮನೆಗೂ ಶಕ್ತಿ ಬಳಕೆಯ ಪ್ರಮಾಣಪತ್ರ ಇರಬೇಕೆಂಬ ನಿಯಮವಿದೆ, ಎ ಉತ್ತಮ, ಜಿ ಕನಿಷ್ಠ. ಇ ಗಿಂತ ಕೆಳಗಿನ ಮನೆಯನ್ನು ಸಾಮಾನ್ಯವಾಗಿ ಬಾಡಿಗೆಗೆ ಕೊಡುವಂತಿಲ್ಲ. ಆ ಮನೆ ಇ ದರ್ಜೆಯದು. ನಾವೀಗ ಇರುವುದು ಸಿ ದರ್ಜೆಯ ಎರಡು ಕೋಣೆಗಳ ಮನೆ, ಕಿಟಕಿಗಳಿಗೆ ಜೋಡಿ ಗಾಜು.

ಬಾಡಿಗೆ ತಿಂಗಳಿಗೆ 1,560 ಪೌಂಡ್. ಮುಂಗಡ ಎಷ್ಟು ಕೊಟ್ಟಿರಿ ಎಂದು ಅಮ್ಮ ಕೇಳಿದ್ದರು. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ನಮ್ಮ ಬೆಂಗಳೂರಿನವರಿಗೆ ಆಶ್ಚರ್ಯವಾಗಬಹುದು: 2019ರ ಕಾನೂನಿನ ಪ್ರಕಾರ ನಮ್ಮಂಥ ಬಾಡಿಗೆಯ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ವಾರಕ್ಕೆ 360 ಪೌಂಡ್‌ನಂತೆ 1,800 ಪೌಂಡ್ ಕೊಟ್ಟೆವು. ಆ ಹಣವನ್ನು ಮಾಲೀಕರು ಮೂವತ್ತು ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರ ರಕ್ಷಣೆಗೆ ಒಪ್ಪಿಸಿ, ನಮಗೆ ಅದರ ವಿವರ ಕೊಡಬೇಕು. ಮನೆಯನ್ನು ನಮಗಾಗಿ ಹಿಡಿದಿಡಲು ಕೇಳುವ ಹಣವೂ ಒಂದು ವಾರದ ಬಾಡಿಗೆಯನ್ನು ಮೀರುವಂತಿಲ್ಲ. ಇದನ್ನು ಚಿಕ್ಕಪ್ಪನವರಿಗೆ ಒತ್ತಿ ಹೇಳಿ: ಮೈಸೂರಿನಲ್ಲಿ ಕುಳಿತು, ಫೋಟೋ ನೋಡಿ, ಯಾರಿಗೂ ಒಂದು ಪೌಂಡನ್ನೂ ಕಳಿಸಬಾರದು. ಇಲ್ಲದ ಮನೆಯನ್ನು ತೋರಿಸಿ ಹಣ ಕೀಳುವವರು ಹೊಸದಾಗಿ ಬರುವವರನ್ನೇ ಹುಡುಕುತ್ತಿರುತ್ತಾರೆ.

ಸರ್ಕಾರಿ ಮನೆ ಸಿಗುವುದಿಲ್ಲವೇ ಎಂದೂ ನೀವು ಕೇಳಿದ್ದಿರಿ. ಕೌನ್ಸಿಲ್ ಮನೆಗಳಿವೆ, ಆದರೆ ನಮ್ಮಂತೆ ಕೆಲಸದ ವೀಸಾದಲ್ಲಿ ಬಂದವರು ಅವುಗಳಿಗೆ ಅರ್ಹರಲ್ಲ.

ಪ್ಲಮ್‌ಸ್ಟೆಡ್ ಅಂದಾಗ ಹಲವರು ಬೇಡವೆಂದರು. ಏಕೆಂದು ಕೇಳಿದರೆ ಯಾರೂ ಇಲ್ಲಿಗೆ ಬಂದವರಲ್ಲ. ಮೈಸೂರಿನ ಬೋಗಾದಿ, ದಟ್ಟಗಳ್ಳಿಗಳನ್ನು ಊರಾಚೆ ಎಂದು ಮೂಗು ಮುರಿದವರೇ ಆಮೇಲೆ ಅಲ್ಲಿ ಸೈಟು ಸಿಕ್ಕೀತೇ ಎಂದು ಅಲೆದದ್ದನ್ನು ನೀವು ಕಂಡಿದ್ದೀರಿ. ಯಾವ ಬೀದಿಯ ಸುತ್ತ ಯಾವ ಬಗೆಯ ಅಪರಾಧ ವರದಿಯಾಗಿದೆ ಎಂಬುದನ್ನು ಇಲ್ಲಿನ ಪೊಲೀಸರು ತಿಂಗಳುವಾರು ನಕಾಶೆಯಲ್ಲಿ ಪ್ರಕಟಿಸುತ್ತಾರೆ, ಅದನ್ನು ನೋಡಿದೆವು. ಕತ್ತಲಾದ ಮೇಲೆ ಬಸ್ ಇಳಿದು ಮನೆಯವರೆಗಿನ ದಾರಿಯನ್ನು ನಡೆದೂ ನೋಡಿದೆವು. ದೀಪಗಳಿದ್ದವು, ನೇಪಾಳಿ ಅಂಗಡಿಗಳು ತೆರೆದಿದ್ದವು, ಹೆಂಗಸರು ಮಕ್ಕಳ ಕೈ ಹಿಡಿದು ಓಡಾಡುತ್ತಿದ್ದರು. ಬಡಾವಣೆಯ ಗುಣ ತಿಳಿಯಲು ಸಂತೆಯನ್ನೂ ನೋಡಬೇಕು ಎಂಬುದು ನನ್ನ ನಂಬಿಕೆ. ದೇವರಾಜ ಮಾರುಕಟ್ಟೆಯ ಹೊರಗೆ ಗುಡ್ಡೆ ಹಾಕಿ ಮಾರುವಂತೆ ಇಲ್ಲಿ ಟೊಮೆಟೊ, ಮೆಣಸಿನಕಾಯಿಗಳನ್ನು ಸ್ಟೀಲ್ ಬೋಗುಣಿಯಲ್ಲಿ ತುಂಬಿಟ್ಟು, ಬೋಗುಣಿಗೆ ಇಷ್ಟು ಎಂದು ಮಾರುತ್ತಾರೆ. ಅಂಥ ಸಂತೆ ನಡೆಯುವ ಕಡೆ ಸಣ್ಣ ಸಂಬಳದವರೂ ಉಂಡು ಬದುಕಬಹುದು.

ಕರಿಬೇವು, ರಾಗಿಹಿಟ್ಟು ಬೇಕಾದಾಗ ಪಕ್ಕದ ವುಲಿಚ್‌ನಿಂದ ದೋಣಿಯಲ್ಲಿ ಥೇಮ್ಸ್ ನದಿ ದಾಟಿ ಈಸ್ಟ್ ಹ್ಯಾಮ್‌ಗೆ ಹೋಗುತ್ತೇವೆ. ಆ ದೋಣಿಗೆ 1889ರಿಂದಲೂ ಶುಲ್ಕವಿಲ್ಲ. ದೋಣಿ ನಿಂತ ದಿನ ನದಿಯ ಕೆಳಗಿನ, 1912ರಲ್ಲಿ ತೆರೆದ ಕಾಲ್ದಾರಿಯ ಸುರಂಗವಿದೆ. ಮಗುವಿನ ಶಾಲೆ ಕಾಲ್ನಡಿಗೆಯ ದೂರ, ಶುಲ್ಕವಿಲ್ಲ, ಮಧ್ಯಾಹ್ನದ ಊಟವೂ ಉಚಿತ.

ಈಗ ಚಿಕ್ಕಪ್ಪನ ಮಗನ ವಿಷಯ. ನಮ್ಮ ಹತ್ತಿರವೇ ಇರಲಿ ಎಂದು ಚಿಕ್ಕಮ್ಮ ಆಸೆಪಟ್ಟಿದ್ದಾರೆ. ಅವನು ಹತ್ತಿರವಿದ್ದರೆ ನನಗೂ ಸಂತೋಷವೇ, ಆದರೆ ಅವನ ಕಚೇರಿ ಪಶ್ಚಿಮದ ಹ್ಯಾಮರ್‌ಸ್ಮಿತ್‌ನಲ್ಲಿ. ನಮಗೆ ಅಗ್ಗವಾದ ಈ ಬಡಾವಣೆ ಅವನಿಗೆ ದುಬಾರಿಯಾಗುತ್ತದೆ. ದಿನವೂ ಒಂದನೆಯ ವಲಯವನ್ನು ಹಾದು ಊರಿನ ಇನ್ನೊಂದು ತುದಿಗೆ ಹೋಗಬೇಕು. ಅವನು ಪಶ್ಚಿಮದಲ್ಲೇ ಇರುವ ಹೌನ್ಸ್ಲೋ ಕಡೆ ನೋಡುವುದು ಒಳ್ಳೆಯದು. ನಾಲ್ಕನೆಯ ವಲಯ, ಪಿಕಡಿಲಿ ಮಾರ್ಗದಲ್ಲಿ ನೇರ ರೈಲು, ನಮ್ಮ ದೇಶದ ಜನರೂ ಅಂಗಡಿಗಳೂ ಬೇಕಾದಷ್ಟಿವೆ. ಹೀಥ್ರೋಗೆ ಇಳಿಯುವ ವಿಮಾನಗಳು ಅಲ್ಲಿ ತಲೆಯ ಮೇಲೆಯೇ ಹಾಯುತ್ತವೆ, ಆದ್ದರಿಂದ ಒಪ್ಪುವ ಮುಂಚೆ ಬೆಳಗಿನ ಜಾವ ಒಮ್ಮೆ ಆ ಬೀದಿಯಲ್ಲಿ ನಿಂತು ಸದ್ದು ಕೇಳಿಸಿಕೊಳ್ಳಬೇಕು. ಮೊದಲು ಹಂಚಿಕೆಯ ಮನೆಯಲ್ಲಿ ಕೋಣೆ ಹಿಡಿಯುವುದಾದರೆ, ಬೇರೆ ಬೇರೆ ಕುಟುಂಬದ ಐದು ಅಥವಾ ಹೆಚ್ಚು ಜನರಿರುವ ಮನೆಗೆ ಕೌನ್ಸಿಲ್‌ನ ಪರವಾನಗಿ ಇರಬೇಕು. ಅದನ್ನು ಕೇಳಲು ಸಂಕೋಚಪಡಬಾರದು.

ಬಂದ ಕೂಡಲೇ ಎರಡು ಮೂರು ವಾರ ಅವನು ನಮ್ಮಲ್ಲೇ ಇರಲಿ, ಕೋಣೆ ಸಿದ್ಧಮಾಡಿಡುತ್ತೇನೆ. ಕಚೇರಿಯ ಪೂರ್ತಿ ವಿಳಾಸ, ವಾರಕ್ಕೆ ಎಷ್ಟು ದಿನ ಕಚೇರಿಗೆ ಹೋಗಬೇಕು, ತೆರಿಗೆ ಕಳೆದು ಕೈಗೆ ಬರುವ ಸಂಬಳ ಎಷ್ಟು, ಈ ಮೂರನ್ನು ಈ ತಿಂಗಳೊಳಗೆ ನನಗೆ ತಿಳಿಸುವಂತೆ ಹೇಳಿ. ಡಿಸೆಂಬರಿನ ರಜೆಯಲ್ಲಿ ಹೌನ್ಸ್ಲೋಗೆ ಹೋಗಿ ಬೀದಿಗಳನ್ನು ನೋಡಿ ಅವನಿಗಾಗಿಯೂ ಒಂದು ಪುಟ ಬರೆದಿಡುತ್ತೇವೆ.

ಅಮ್ಮನಿಗೂ ಚಿಕ್ಕಪ್ಪ ಚಿಕ್ಕಮ್ಮನವರಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು